ಕನ್ನಡ ಪುಟದ ಲಿಂಕ್ ಒತ್ತಿದರೆ ಬೇರೆ ಭಾಷೆಯ ಪುಟ ತೆರೆಯುತ್ತದೆ: ಮೊದಲೇ ತಿಳಿಸುವುದು ಹೇಗೆ?

ಅಕ್ಷರಬಂಡಿ · ಸೋಮವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಒಂದು ಕನ್ನಡ ಜಾಲತಾಣ ನಡೆಸುತ್ತಿದ್ದೇವೆ. ವಿದ್ಯಾರ್ಥಿವೇತನ, ಬೆಳೆ ವಿಮೆ, ಪಿಂಚಣಿ, ಮಾಹಿತಿ ಹಕ್ಕು ಮುಂತಾದವನ್ನು ಸರಳ ಕನ್ನಡದಲ್ಲಿ ವಿವರಿಸಿ, ಮೂಲ ದಾಖಲೆಗಳಿಗೆ ಲಿಂಕ್ ಕೊಡುತ್ತೇವೆ. ನಮ್ಮ ಬರಹವೆಲ್ಲ ಕನ್ನಡ. ಲಿಂಕ್ ಒತ್ತಿದ ಮೇಲೆ ಸಿಗುವುದು ಮಾತ್ರ ಹೆಚ್ಚಿನ ಸಲ ಇಂಗ್ಲಿಷ್, ಕೆಲವೊಮ್ಮೆ ಹಿಂದಿ, ಅಪರೂಪಕ್ಕೆ ಕನ್ನಡ.

ಓದುಗರು ಬರೆಯುವ ದೂರುಗಳಲ್ಲಿ ಇದೇ ಮುಖ್ಯ. "ಅರ್ಜಿ ನಮೂನೆ ಎಂದು ಕನ್ನಡದಲ್ಲಿ ಬರೆದಿದ್ದೀರಿ, ಒತ್ತಿದರೆ ಉದ್ದದ ಇಂಗ್ಲಿಷ್ ಪಿಡಿಎಫ್ ಇಳಿಯಿತು, ಡೇಟಾ ಖರ್ಚಾಯಿತು, ಒಂದು ಸಾಲೂ ಅರ್ಥವಾಗಲಿಲ್ಲ" ಅಂತ. ಅವರ ಮಾತು ನ್ಯಾಯವಾದದ್ದು. ಲಿಂಕ್‌ನ ಹೆಸರು ಕನ್ನಡದಲ್ಲಿದ್ದರೆ ಒಳಗಿರುವುದೂ ಕನ್ನಡವೇ ಎಂದು ಯಾರಾದರೂ ನಂಬುತ್ತಾರೆ. ಮೂಲ ದಾಖಲೆಗೆ "ಮಾಹಿತಿ ಹಕ್ಕು ಅಧಿನಿಯಮ, 2005" ಅಂತ ನಾವು ಕನ್ನಡದ ಹೆಸರಿಟ್ಟು ಇಂಗ್ಲಿಷ್ ಪ್ರತಿಗೆ ಲಿಂಕ್ ಹಾಕಿದರೆ, ಆ ನಂಬಿಕೆಯನ್ನು ಹುಟ್ಟಿಸಿದವರು ನಾವೇ.

ಇಂಗ್ಲಿಷ್ ಪುಟಗಳಿಗೆ ಲಿಂಕ್ ಕೊಡುವುದನ್ನು ನಿಲ್ಲಿಸಲಾರೆವು. ಮೂಲವೇ ಅಲ್ಲಿದೆ. ಒತ್ತುವ ಮೊದಲೇ "ಇದು ಇಂಗ್ಲಿಷ್‌ನಲ್ಲಿದೆ" ಎಂದು ಗೊತ್ತಾಗಬೇಕು, ಅಷ್ಟೇ. ಕೆಲವರು ಬಾವುಟದ ಚಿತ್ರ ಹಾಕಿ ಎನ್ನುತ್ತಾರೆ, ಕೆಲವರು ಕೋಡ್‌ನಲ್ಲೇ ಒಂದು ಗುರುತಿದೆ ಎನ್ನುತ್ತಾರೆ, ಕೆಲವರು ಆವರಣದಲ್ಲಿ ಬರೆದುಬಿಡಿ ಎನ್ನುತ್ತಾರೆ. ನನ್ನ ಒಲವು ಮೂರನೆಯದರ ಕಡೆಗೆ. ಆದರೆ ನೂರಾರು ಪುಟ ತಿದ್ದುವ ಕೆಲಸ, ಶುರು ಮಾಡುವ ಮೊದಲು ಬಲ್ಲವರ ಮಾತು ಕೇಳೋಣ ಅಂತ ಇಲ್ಲಿ ಹಾಕಿದ್ದೇನೆ.

ತುಂಗಾತೀರ · ಸೋಮವಾರ, ಬೆಳಿಗ್ಗೆ 10:25

ಕೋಡ್‌ನಲ್ಲಿರುವ ಗುರುತು ಎಂದರೆ ಎಚ್‌ರೆಫ್‌ಲ್ಯಾಂಗ್. 1997ರ ಎಚ್‌ಟಿಎಂಎಲ್ 4ರಿಂದಲೂ ಇದೆ (ಎಚ್‌ಟಿಎಂಎಲ್ ಎಂದರೆ ವೆಬ್ ಪುಟ ಬರೆಯುವ ಕೋಡ್). ಲಿಂಕ್‌ನ ಟ್ಯಾಗ್ ಒಳಗೆ ಅದನ್ನು ಬರೆದು, ಆಚೆಯ ಪುಟದ ಭಾಷೆಯ ಸಂಕೇತ ಕೊಟ್ಟರೆ "ಈ ಲಿಂಕ್ ಹೋಗುವ ಪುಟ ಇಂಥ ಭಾಷೆಯಲ್ಲಿದೆ" ಎಂದು ಯಂತ್ರಕ್ಕೆ ಹೇಳಿದ ಹಾಗೆ.

ತೊಂದರೆ ಏನೆಂದರೆ ಅದು ಯಂತ್ರಕ್ಕೆ ಮಾತ್ರ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ ಅದನ್ನು ಓದುಗರ ಕಣ್ಣಿಗೆ ತೋರಿಸುವುದಿಲ್ಲ. ಎಚ್‌ಟಿಎಂಎಲ್ ನಿಯಮವೇ ಅದನ್ನು ಬರಿಯ ಸೂಚನೆ ಎಂದು ಕರೆಯುತ್ತದೆ, ಪುಟ ತೆರೆದ ಮೇಲೆ ಆ ಪುಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೋ ಅದನ್ನೇ ಬ್ರೌಸರ್ ನಂಬಬೇಕು. ಹಾಗಾಗಿ ಎಚ್‌ರೆಫ್‌ಲ್ಯಾಂಗ್ ಒಂದನ್ನೇ ಬರೆದು ಕೈಬಿಟ್ಟರೆ ನಿಮ್ಮ ಓದುಗರಿಗೆ ಏನೂ ಬದಲಾಗುವುದಿಲ್ಲ.

ಅದನ್ನು ಹಿಡಿದುಕೊಂಡು, ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್ ಕೋಡ್‌ನಲ್ಲಿ ಒಂದು ನಿಯಮ ಬರೆಯಬಹುದು. ಪುಟ ಕನ್ನಡದ್ದು, ಲಿಂಕ್‌ನ ಗುರುತು ಇಂಗ್ಲಿಷ್ ಎಂದಿದ್ದರೆ ಲಿಂಕ್‌ನ ಕೊನೆಗೆ "(ಇಂಗ್ಲಿಷ್)" ಎಂದು ತಾನಾಗಿ ಸೇರುವಂತೆ. ನೂರಾರು ಪುಟ ಇರುವವರಿಗೆ ಆಕರ್ಷಕ ದಾರಿ, ಯಾಕೆಂದರೆ ಬರಹ ಮುಟ್ಟದೆ ಒಂದೇ ಕಡೆ ಬದಲಿಸಿದರೆ ಸಾಕು. ಆದರೆ ಹೀಗೆ ಸೇರಿಸಿದ ಪದ ಪುಟದ ಪಠ್ಯದ ಭಾಗವೇ ಅಲ್ಲ. ನಕಲು ಮಾಡಿದರೆ ಜೊತೆಗೆ ಬರುವುದಿಲ್ಲ. ಪುಟದೊಳಗೆ ಹುಡುಕಿದರೆ ಸಿಗುವುದಿಲ್ಲ. ಫೈರ್‌ಫಾಕ್ಸ್‌ನ ಓದುವ ನೋಟಕ್ಕೆ ಹೋದರೆ ಮಾಯ. ನಿಮ್ಮ ಬರಹವನ್ನು ವಾಟ್ಸಾಪ್‌ಗೆ ಎತ್ತಿ ಹಾಕುವ ಓದುಗರೇ ಹೆಚ್ಚು ಎಂದು ನಾನು ಊಹಿಸುತ್ತೇನೆ. ಅಲ್ಲಿಗೆ ಆ ಸೂಚನೆ ತಲುಪುವುದಿಲ್ಲ.

ಇನ್ನೊಂದು ಎಚ್ಚರಿಕೆ. ಸಿಎಸ್‌ಎಸ್‌ನಿಂದ ಆ ಸಂಕೇತವನ್ನೇ ಎತ್ತಿ ಹಾಗೇ ತೋರಿಸುವವರೂ ಇದ್ದಾರೆ. ಆಗ ಲಿಂಕ್‌ನ ಪಕ್ಕ ಎರಡು ರೋಮನ್ ಅಕ್ಷರ ಕಾಣುತ್ತವೆ. ಇಂಗ್ಲಿಷ್ ಬಾರದ ಓದುಗರಿಗೆ "ಇದು ಇಂಗ್ಲಿಷ್" ಎನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಳಿ ಏನು ಉಪಯೋಗ? ದಯವಿಟ್ಟು ಬೇಡ.

ಹುಡುಕುತಾಣ · ಸೋಮವಾರ, ಬೆಳಿಗ್ಗೆ 11:02

ಎಚ್‌ರೆಫ್‌ಲ್ಯಾಂಗ್ ಅಂದ ಕೂಡಲೇ ಗೊಂದಲ ಆಗುತ್ತೆ, ಹಾಗಾಗಿ ಒಂದು ಮಾತು. ಗೂಗಲ್ 2011ರ ಡಿಸೆಂಬರ್‌ನಿಂದ ಕೇಳುತ್ತಿರುವ ಎಚ್‌ರೆಫ್‌ಲ್ಯಾಂಗ್ ಬೇರೆ ಜಾಗದ್ದು. ಅದು ಪುಟದ ತಲೆಭಾಗದಲ್ಲಿ ಇರುತ್ತೆ. "ಇದೇ ಪುಟದ ಇಂಗ್ಲಿಷ್ ರೂಪ ಇಲ್ಲಿದೆ, ಹಿಂದಿ ರೂಪ ಅಲ್ಲಿದೆ" ಎಂದು ಹುಡುಕುವ ಯಂತ್ರಕ್ಕೆ ಹೇಳಲಿಕ್ಕೆ. ಆ ಎಲ್ಲ ಪುಟಗಳೂ ಒಂದನ್ನೊಂದು ತೋರಿಸಬೇಕು, ಒಂದು ತೋರಿಸಿ ಇನ್ನೊಂದು ತೋರಿಸದಿದ್ದರೆ ಲೆಕ್ಕಕ್ಕೆ ಬರಲ್ಲ.

ಅಕ್ಷರಬಂಡಿಯವರು ಕೇಳುತ್ತಿರುವುದು ಬರಹದ ನಡುವೆ ಬರುವ ಲಿಂಕ್‌ಗಳ ಬಗ್ಗೆ. ಹೆಸರು ಒಂದೇ, ಕೆಲಸ ಬೇರೆ. ಒಂದನ್ನು ಮಾಡಿ ಇನ್ನೊಂದು ಆಯಿತು ಅಂದುಕೊಂಡ ತಾಣಗಳು ಬಹಳ.

ದನಿದಾರಿ · ಸೋಮವಾರ, ಮಧ್ಯಾಹ್ನ 1:15

ನಾನು ಕಣ್ಣು ಕಾಣದ ಓದುಗ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಬಳಸುತ್ತೇನೆ. ಎರಡೂ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು. ಈ ವಿಷಯ ನನ್ನ ದಿನನಿತ್ಯದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದಾಗಿ, ನನ್ನ ಸ್ಕ್ರೀನ್ ರೀಡರ್ ಎಚ್‌ರೆಫ್‌ಲ್ಯಾಂಗ್ ಓದಿ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ತುಂಗಾತೀರ ಅವರು ಹೇಳಿದ್ದು ಕಣ್ಣಿಗೆ ಹೇಗೋ ಕಿವಿಗೂ ಹಾಗೇ.

ಎರಡನೆಯದು ಇನ್ನೂ ಮುಖ್ಯ. ನಾನು ಪುಟವನ್ನು ಯಾವಾಗಲೂ ಮೇಲಿನಿಂದ ಕೆಳಗೆ ಓದುವುದಿಲ್ಲ. ಎನ್‌ವಿಡಿಎಯಲ್ಲಿ ಪುಟದ ಲಿಂಕ್‌ಗಳನ್ನೆಲ್ಲ ಒಂದು ಪಟ್ಟಿಯಾಗಿ ತೆಗೆದುಕೊಳ್ಳುವ ಕೀಲಿ ಇದೆ. ಬೇಕಾದದ್ದನ್ನು ಅಲ್ಲಿಂದಲೇ ಆರಿಸುತ್ತೇನೆ. ಆ ಪಟ್ಟಿಯಲ್ಲಿ ಬರುವುದು ಲಿಂಕ್‌ನ ಒಳಗಿರುವ ಪದಗಳು ಮಾತ್ರ. ನೀವು ಲಿಂಕ್ ಮುಗಿಸಿ, ಅದರ ಹೊರಗೆ ಆವರಣದಲ್ಲಿ "ಇಂಗ್ಲಿಷ್" ಎಂದು ಬರೆದರೆ ನನ್ನ ಪಟ್ಟಿಗೆ ಅದು ಬರುವುದಿಲ್ಲ. ಹಾಗಾಗಿ ಭಾಷೆಯ ಹೆಸರು ಲಿಂಕ್‌ನ ಒಳಗೇ ಇರಲಿ. ಇದೊಂದನ್ನು ಮಾಡಿದರೆ ನನ್ನಂಥವರ ಅರ್ಧ ತಾಪತ್ರಯ ಮುಗಿಯುತ್ತದೆ.

ಮೂರನೆಯದು, "ಕನ್ನಡ | ಇಂಗ್ಲಿಷ್" ಎಂದು ಜೋಡಿ ಲಿಂಕ್ ಕೊಡುವ ತಾಣಗಳು. ಪ್ರತಿ ಸುತ್ತೋಲೆಯ ಮುಂದೆ ಆ ಎರಡು ಪದ. ಕಣ್ಣಿಗೆ ಚೆನ್ನಾಗಿಯೇ ಇರಬಹುದು. ನನ್ನ ಪಟ್ಟಿಯಲ್ಲಿ ಮಾತ್ರ ಕನ್ನಡ, ಇಂಗ್ಲಿಷ್, ಕನ್ನಡ, ಇಂಗ್ಲಿಷ್ ಅಂತ ಪುಟ ಮುಗಿಯುವ ತನಕ ಬರುತ್ತದೆ. ಯಾವ ಸುತ್ತೋಲೆಯದು ಯಾವುದು? ಗೊತ್ತಾಗುವುದಿಲ್ಲ. ದಾಖಲೆಯ ಹೆಸರನ್ನೂ ಲಿಂಕ್‌ನೊಳಗೆ ಸೇರಿಸಿ. ಕಣ್ಣಿಗೆ ಅಡ್ಡಿ ಎನಿಸಿದರೆ ಕಾಣದ ಹಾಗೆ ಸೇರಿಸಬಹುದು, ನಿಮ್ಮ ಡೆವಲಪರ್‌ಗಳಿಗೆ ಆ ವಿಧಾನ ಗೊತ್ತಿರುತ್ತದೆ.

ಮತ್ತೆ, ಲಿಂಕ್‌ನ ಮೇಲೆ ಮೌಸ್ ಇಟ್ಟಾಗ ಮೂಡುವ ಪುಟ್ಟ ಚೀಟಿಯಲ್ಲಿ ಭಾಷೆ ಬರೆಯುವುದನ್ನು ಯಾರಾದರೂ ಸಲಹೆ ಮಾಡುವ ಮೊದಲೇ ಹೇಳುತ್ತೇನೆ: ಫೋನಿನಲ್ಲಿ ಮೌಸ್ ಇಲ್ಲ. ನಿಮ್ಮ ಓದುಗರು ಫೋನಿನಲ್ಲೇ ಇದ್ದಾರೆ.

ಜಾಲತಾಣಗಳ ಸುಗಮ್ಯತೆಗೆ ಡಬ್ಲ್ಯುಸಿಎಜಿ ಎಂಬ ಜಾಗತಿಕ ಮಾನದಂಡ ಇದೆ. ಪುಟದ ಭಾಷೆ ಯಾವುದೆಂದು ಕೋಡ್‌ನಲ್ಲಿ ಹೇಳಿರಬೇಕು, ನಡುವೆ ಬೇರೆ ಭಾಷೆಯ ಭಾಗ ಬಂದರೆ ಅದನ್ನೂ ಹೇಳಿರಬೇಕು ಎನ್ನುತ್ತದೆ. ಲಿಂಕ್‌ನ ಆಚೆ ಯಾವ ಭಾಷೆ ಇದೆ ಎಂದು ಹೇಳಲೇಬೇಕು ಅಂತ ಅದರಲ್ಲಿ ನೇರವಾದ ನಿಯಮವಿಲ್ಲ. ನಿಯಮ ಇಲ್ಲದಿದ್ದರೂ ಮಾಡಬೇಕಾದ ಕೆಲಸ ಇದು.

ಹುಬ್ಬಳ್ಳಿ ಓಣಿ · ಸೋಮವಾರ, ಸಂಜೆ 6:30

ಇಷ್ಟೆಲ್ಲ ಯಾಕ್ ಬೇಕ್ರಿ? ಈಗ ಕ್ರೋಮ್ ತಾನ ಕೇಳತೈತಿ, ಕನ್ನಡಕ್ಕ ಅನುವಾದ ಮಾಡ್ಲೇನು ಅಂತ. ಒತ್ತಿದ್ರ ಆತು. ಇಲ್ಲಾಂದ್ರ ಒಂದ್ ಸಣ್ಣ ಬಾವುಟ ಹಾಕ್ರಿ, ಎಲ್ಲಾರಿಗೂ ತಿಳೀತೈತಿ.

ತುಂಗಾತೀರ · ಸೋಮವಾರ, ಸಂಜೆ 7:10

ಹುಬ್ಬಳ್ಳಿ ಓಣಿಯವರೇ, ಬಾವುಟದ ವಿಷಯ ಮೊದಲು. ಬಾವುಟ ದೇಶದ್ದು, ಭಾಷೆಯದಲ್ಲ. ಹಿಂದಿಗೆ ತ್ರಿವರ್ಣ ಧ್ವಜ ಹಾಕಿದರೆ ಕನ್ನಡಕ್ಕೆ ಯಾವುದು? ಅದೂ ತ್ರಿವರ್ಣವೇ ಅಲ್ಲವೇ? ಇಂಗ್ಲಿಷ್‌ಗೆ ಬ್ರಿಟನ್ನಿನ ಬಾವುಟ ಹಾಕಿದರೆ, ದೆಹಲಿಯಲ್ಲಿ ಬರೆದ ಭಾರತದ ಕಾನೂನಿನ ಪಕ್ಕ ಬ್ರಿಟನ್ನಿನ ಬಾವುಟ ಬಂದು ಕೂರುತ್ತದೆ.

ಇದರ ಜೊತೆ ತಾಂತ್ರಿಕವಾದ ಎಡವಟ್ಟೂ ಇದೆ. ಭಾಷೆಗಳಿಗೆ ಎರಡಕ್ಷರದ ಸಂಕೇತ ಇರುವಂತೆ ದೇಶಗಳಿಗೂ ಇದೆ, ಎರಡೂ ಬೇರೆ ಬೇರೆ ಪಟ್ಟಿಗಳು. ಕನ್ನಡದ ಸಂಕೇತ ಕೆ-ಎನ್. ದೇಶಗಳ ಪಟ್ಟಿಯಲ್ಲಿ ಅದೇ ಎರಡಕ್ಷರ ಕೆರಿಬಿಯನ್ ದ್ವೀಪದೇಶ ಸೇಂಟ್ ಕಿಟ್ಸ್ ಮತ್ತು ನೆವಿಸ್‌ಗೆ ಸೇರಿದ್ದು. ಮಲಯಾಳದ ಎಂ-ಎಲ್ ಅಲ್ಲಿ ಮಾಲಿ ದೇಶ. ಮರಾಠಿಯ ಎಂ-ಆರ್ ಮಾರಿಟೇನಿಯ. ಸಂಸ್ಕೃತದ ಎಸ್-ಎ ಸೌದಿ ಅರೇಬಿಯ. ಭಾಷೆಯ ಸಂಕೇತ ನೋಡಿ ಬಾವುಟ ಆರಿಸುವ ತಂತ್ರಾಂಶ ಬಂದರೆ ಏನಾಗುತ್ತದೆ, ನೀವೇ ನೋಡಿ.

ಸಂಕೇತದ ಮಾತು ಬಂದದ್ದಕ್ಕೆ ಇದನ್ನೂ ಸೇರಿಸುತ್ತೇನೆ. ಕನ್ನಡ ಅಲ್ಲವೇ, ಕೆ-ಎ ಇರಬೇಕು ಎಂದು ಊಹಿಸಿ ಬರೆಯಬೇಡಿ. ಕೆ-ಎ ಎಂದರೆ ಜಾರ್ಜಿಯನ್ ಭಾಷೆ. ನಮ್ಮ ಗಾಡಿಗಳ ನಂಬರ್ ಪ್ಲೇಟಿನಲ್ಲಿ ಕೆ-ಎ ಇರುವುದರಿಂದ ಕೈಗೆ ಅದೇ ಬರುತ್ತದೆ.

ಅನುವಾದದ ಮಾತಿಗೆ ಉತ್ತರ ಬೇರೆಯವರು ಕೊಡಲಿ. ನನಗನಿಸುವುದು ಇಷ್ಟು: ನಮ್ಮ ಇಲಾಖೆಗಳ ದಾಖಲೆಗಳಲ್ಲಿ ದೊಡ್ಡ ಪಾಲು ಪಿಡಿಎಫ್, ಅದರಲ್ಲೂ ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು. ಕ್ರೋಮ್‌ನ ಆ ಪ್ರಶ್ನೆ ವೆಬ್ ಪುಟಕ್ಕೆ ಬರುತ್ತದೆ, ಅಂಥ ಪಿಡಿಎಫ್‌ಗೆ ಬರುವುದಿಲ್ಲ.

ಅಕ್ಷರಬಂಡಿ · ಸೋಮವಾರ, ರಾತ್ರಿ 8:05

ಅನುವಾದದ ಬಗ್ಗೆ ನಾನು ಹೇಳುತ್ತೇನೆ. ಸುದ್ದಿ ಓದಲಿಕ್ಕೆ ಯಂತ್ರಾನುವಾದ ಸಾಕು. ಅರ್ಹತೆಯ ಷರತ್ತು ಓದಲಿಕ್ಕೆ ಸಾಲದು. "ಅಲ್ಲ" ಎನ್ನುವುದು ಒಂದು ಕಡೆ ತಪ್ಪಿಹೋದರೆ ಹುಡುಗಿಯೊಬ್ಬಳ ವಿದ್ಯಾರ್ಥಿವೇತನ ತಪ್ಪುತ್ತದೆ. ಇಂಗ್ಲಿಷ್‌ನಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಆಕೆ ಅದನ್ನು ತೆರೆಯುವಾಗ ಮೇಷ್ಟ್ರನ್ನೋ ಅಕ್ಕನನ್ನೋ ಜೊತೆಗೆ ಕೂರಿಸಿಕೊಳ್ಳುತ್ತಾಳೆ. ಸೈಬರ್ ಸೆಂಟರ್‌ನವರ ಹತ್ತಿರ ಹೋಗಬೇಕೋ ಬೇಡವೋ ಎಂದು ಮನೆಯಲ್ಲೇ ತೀರ್ಮಾನಿಸುತ್ತಾಳೆ. ಭಾಷೆ ಹೇಳುವುದರಿಂದ ಆಗುವ ಉಪಕಾರ ಇದು.

ಹುಬ್ಬಳ್ಳಿ ಓಣಿ · ಸೋಮವಾರ, ರಾತ್ರಿ 8:20

ಖರೇ ಐತ್ರಿ. ಪಿಡಿಎಫ್ ವಿಷಯ ನನಗ ಹೊಳಿಲಿಲ್ಲ. ನಮ್ಮ ಅವ್ವನ ಪಿಂಚಣಿ ಕಾಗದ ಹಂಗ ಇತ್ತು.

ಕುಂಬಳೆ ಕನ್ನಡ · ಮಂಗಳವಾರ, ಬೆಳಿಗ್ಗೆ 7:50

ನಾನು ಕಾಸರಗೋಡಿನವ. ನಿಮಗೆ ಇಂಗ್ಲಿಷ್ ಒಂದೇ ಚಿಂತೆ, ನಮಗೆ ಎರಡು.

ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು ಅಂತ ಇದೆ. ಆದ ಕಾರಣ ಕೆಲವು ಕಡೆ ಕನ್ನಡ ಪುಟ ಮಾಡಿ ಇಟ್ಟಿದ್ದಾರೆ. ಸಂತೋಷ. ಆದರೆ ಆ ಕನ್ನಡ ಪುಟದ ಲಿಂಕ್ ಒತ್ತಿದರೆ ಒಮ್ಮೆ ಮಲಯಾಳ, ಒಮ್ಮೆ ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ನಮ್ಮಲ್ಲಿ ಮಲಯಾಳ ಮಾತಾಡುತ್ತಾರೆ, ಅಕ್ಷರ ಓದಲಿಕ್ಕೆ ಬರುವುದಿಲ್ಲ. ಮಕ್ಕಳಿಗೆ ಎರಡೂ ಬರುತ್ತದೆ. ಹಾಗಾಗಿ "ಇಂಗ್ಲಿಷ್" ಎಂದು ಬರೆದರೆ ಒಬ್ಬರು ತೆರೆಯುತ್ತಾರೆ, "ಮಲಯಾಳ" ಎಂದು ಬರೆದರೆ ಮತ್ತೊಬ್ಬರು. "ಬೇರೆ ಭಾಷೆ" ಎಂದು ಮಾತ್ರ ಬರೆದರೆ ಯಾರಿಗೂ ಪ್ರಯೋಜನ ಇಲ್ಲ. ಭಾಷೆಯ ಹೆಸರೇ ಬೇಕು.

ಇನ್ನೊಂದು ವಿಷಯ ಹೇಳಬೇಕು. ಭಾಷೆ ಬದಲಿಸುವ ಗುಂಡಿ. ಒಂದು ತಾಣದಲ್ಲಿ ನಾನು ಕನ್ನಡ ಆರಿಸಿ, ಬೇಕಾದ ಪುಟಕ್ಕೆ ಹೋಗಿ, ಆ ವಿಳಾಸವನ್ನು ನಮ್ಮ ವಾರ್ಡಿನ ಗುಂಪಿಗೆ ಹಾಕಿದೆ. ಬೇರೆಯವರು ತೆರೆದರೆ ಅವರಿಗೆ ಇಂಗ್ಲಿಷ್ ಬರುತ್ತದೆ! ಯಾಕೆಂದರೆ ನಾನು ಆರಿಸಿದ ಭಾಷೆ ನನ್ನ ಫೋನಿನ ಕುಕಿಯಲ್ಲಿ (ತಾಣ ನಮ್ಮ ಫೋನಿನಲ್ಲಿ ಬರೆದಿಡುವ ಪುಟ್ಟ ಗುರುತು) ಉಳಿದಿದೆ, ವಿಳಾಸದಲ್ಲಿ ಇಲ್ಲ. ಇಂಥ ಪುಟಕ್ಕೆ ನೀವು ಲಿಂಕ್ ಕೊಡುವಾಗ ಯಾವ ಭಾಷೆ ಅಂತ ಬರೆಯುವುದು?

ತುಂಗಾತೀರ · ಮಂಗಳವಾರ, ಬೆಳಿಗ್ಗೆ 9:15

ಒಳ್ಳೆಯ ಪ್ರಶ್ನೆ. ಅಂಥ ತಾಣಕ್ಕೆ ಲಿಂಕ್ ಕೊಡುವಾಗ, ಕುಕಿ ಏನೂ ಇಲ್ಲದ ಖಾಸಗಿ ಕಿಟಕಿಯಲ್ಲಿ ತೆರೆದು ಮೊದಲು ಏನು ಬರುತ್ತದೆಯೋ ಅದನ್ನೇ ಬರೆಯಿರಿ. ಮೊದಲ ಸಲ ಬರುವ ಓದುಗರಿಗೆ ಕಾಣುವುದು ಅದೇ. ಜೊತೆಗೆ "ತೆರೆದ ಮೇಲೆ ಮೇಲ್ಗಡೆ ಕನ್ನಡ ಆರಿಸಿಕೊಳ್ಳಿ" ಎಂದು ಒಂದು ಮಾತು ಸೇರಿಸಿ. ಬ್ರೌಸರ್‌ನ ಭಾಷೆ ನೋಡಿ ಪುಟ ಕೊಡುವ ತಾಣಗಳೂ ಇವೆ, ಅವನ್ನು ಹೀಗೆ ಪರೀಕ್ಷಿಸಲೂ ಆಗದು, ಫೋನಿನಿಂದ ಫೋನಿಗೆ ಬದಲಾಗುತ್ತದೆ. ಅಲ್ಲಿ ಎಚ್‌ರೆಫ್‌ಲ್ಯಾಂಗ್ ಬರೆಯದೇ ಬಿಡುವುದು ಮೇಲು.

ತಾಣ ಕಟ್ಟುವವರು ಯಾರಾದರೂ ಇದನ್ನು ಓದುತ್ತಿದ್ದರೆ: ಪ್ರತಿ ಭಾಷೆಯ ಪುಟಕ್ಕೂ ಅದರದೇ ವಿಳಾಸ ಕೊಡಿ. ವಿಕಿಪೀಡಿಯ ಹಾಗೆ ಮಾಡಿರುವುದರಿಂದಲೇ ಕನ್ನಡ ಲೇಖನದ ಲಿಂಕ್ ಯಾರ ಫೋನಿನಲ್ಲಿ ತೆರೆದರೂ ಕನ್ನಡ ಲೇಖನವೇ ಬರುತ್ತದೆ.

ಒಟ್ಟಾವ ಕನ್ನಡತಿ · ಮಂಗಳವಾರ, ರಾತ್ರಿ 9:30

ಕೆನಡಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಫೆಡರಲ್ ಸರಕಾರದ ತಾಣಗಳೆಲ್ಲ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರಬೇಕು. 1969ರಲ್ಲೇ ಅಧಿಕೃತ ಭಾಷೆಗಳ ಕಾಯ್ದೆ ಬಂದಿದೆ. (ಕುಂಬಳೆಯವರು ಹೇಳಿದ ಕಾಯ್ದೆಯದೂ ಅದೇ ವರ್ಷ, ಓದಿ ಅಚ್ಚರಿಯಾಯಿತು.) ಸರಕಾರದ ಪುಟಗಳು ಎರಡರಲ್ಲೂ ಸಿಗುತ್ತವೆ, ಆದರೆ ಹೊರಗಿನ ಸಂಸ್ಥೆಗಳ ಪುಟಗಳು ಒಂದೇ ಭಾಷೆಯಲ್ಲಿ ಇರಬಹುದು. ಆಗ ಫ್ರೆಂಚ್ ಪುಟದಲ್ಲಿ ಲಿಂಕ್‌ನ ಕೊನೆಗೆ "ಇಂಗ್ಲಿಷ್‌ನಲ್ಲಿ ಮಾತ್ರ" ಎಂದು ಫ್ರೆಂಚ್‌ನಲ್ಲಿ ಬರೆದಿರುತ್ತಾರೆ. ಇಂಗ್ಲಿಷ್ ಪುಟದಲ್ಲಿ "ಫ್ರೆಂಚ್‌ನಲ್ಲಿ ಮಾತ್ರ" ಎಂದು ಇಂಗ್ಲಿಷ್‌ನಲ್ಲಿ. ಚಿತ್ರವಿಲ್ಲ, ಬಾವುಟವಿಲ್ಲ, ಸಾದಾ ಅಕ್ಷರ.

"ಮಾತ್ರ" ಎನ್ನುವುದು ನನಗೆ ಬಹಳ ಹಿಡಿಸಿದೆ. ಓದುಗರು ಕನ್ನಡದ ಪ್ರತಿ ಎಲ್ಲೋ ಇರಬೇಕು ಎಂದು ತಾಣವಿಡೀ ಜಾಲಾಡುವುದು ತಪ್ಪುತ್ತದೆ. ಇಲ್ಲ ಎನ್ನುವುದನ್ನೂ ನೇರವಾಗಿ ಹೇಳಿಬಿಡುವುದು ಒಂದು ಸೌಜನ್ಯ. ಕನ್ನಡ ಪ್ರತಿ ಬೇಕೆಂದು ಕೇಳುವವರಿಗೂ ಅದು ಆಧಾರವಾಗುತ್ತದೆ. ಯಾವ ಯಾವ ದಾಖಲೆ ಕನ್ನಡದಲ್ಲಿಲ್ಲ ಎಂಬ ಪಟ್ಟಿ ತಾನಾಗಿ ಸಿದ್ಧವಾಗುತ್ತದಲ್ಲ.

ಹಾಗೇ ಭಾಷೆ ಬದಲಿಸುವ ಲಿಂಕ್ ಬಗ್ಗೆ ಒಂದು ಮಾತು. ಇಲ್ಲಿ ಅದು ಪುಟದ ಮೇಲ್ತುದಿಯ ಬಲಗಡೆ ಇರುತ್ತದೆ, ಒತ್ತಿದರೆ ಅದೇ ಪುಟದ ಇನ್ನೊಂದು ಭಾಷೆಯ ರೂಪ ಬರುತ್ತದೆ. ಊರಿನ ಕೆಲವು ತಾಣಗಳಲ್ಲಿ ಎಲ್ಲೋ ಆಳದ ಪುಟದಲ್ಲಿದ್ದಾಗ "ಕನ್ನಡ" ಒತ್ತಿದರೆ ಮುಖಪುಟಕ್ಕೆ ಎಸೆದುಬಿಡುತ್ತಾರೆ, ಮತ್ತೆ ಮೊದಲಿಂದ ಹುಡುಕಬೇಕು.

ಅಕ್ಷರಬಂಡಿ · ಮಂಗಳವಾರ, ರಾತ್ರಿ 10:10

ಒಟ್ಟಾವ ಅಕ್ಕ, ಒಂದು ಅನುಮಾನ. ವಿಕಿಪೀಡಿಯದಲ್ಲಿ ಭಾಷೆಗಳ ಪಟ್ಟಿ ನೋಡಿದರೆ ತಮಿಳಿನ ಹೆಸರು ತಮಿಳು ಲಿಪಿಯಲ್ಲಿ, ತೆಲುಗಿನದು ತೆಲುಗು ಲಿಪಿಯಲ್ಲಿ ಇದೆ. ಹಾಗಾದರೆ ನಾವೂ ಲಿಂಕ್ ಪಕ್ಕ ಇಂಗ್ಲಿಷ್ ಎನ್ನುವುದನ್ನು ರೋಮನ್ ಲಿಪಿಯಲ್ಲೇ ಬರೆಯಬೇಕೇ? ಅಲ್ಲಿ ಸರಿ ಇರುವುದು ಇಲ್ಲಿ ಯಾಕೆ ತಪ್ಪು?

ಒಟ್ಟಾವ ಕನ್ನಡತಿ · ಮಂಗಳವಾರ, ರಾತ್ರಿ 10:45

ಯಾರಿಗಾಗಿ ಬರೆದದ್ದು ಎಂದು ಕೇಳಿಕೊಳ್ಳಿ. ವಿಕಿಪೀಡಿಯದ ಆ ಪಟ್ಟಿ, ಈ ಪುಟ ಓದಲಾರದೆ ತನ್ನ ಭಾಷೆ ಹುಡುಕುತ್ತಿರುವವರಿಗೆ. ತಮಿಳು ಮಾತ್ರ ಬಲ್ಲವರು ಕನ್ನಡ ಪುಟಕ್ಕೆ ಬಂದು ನಿಂತರೆ ಅವರಿಗೆ ಗುರುತು ಸಿಗುವುದು ತಮಿಳು ಅಕ್ಷರ ಒಂದೇ. ಅದಕ್ಕೇ ಅದರದರ ಲಿಪಿ.

ಬರಹದ ನಡುವಿನ ಲಿಂಕ್ ಹಾಗಲ್ಲ. ಅದನ್ನು ನೋಡುತ್ತಿರುವವರು ಕನ್ನಡ ಓದುತ್ತಾ ಬಂದವರು. ಅವರಿಗೆ ಮುಂದೆ ಏನಿದೆ ಎಂದು ಅವರು ಓದುತ್ತಿರುವ ಭಾಷೆಯಲ್ಲೇ ಹೇಳಬೇಕು. ನಾನು ಕಂಡಂತೆ ತಾಣಗಳು ಮುಗ್ಗರಿಸುವುದು ಈ ಎರಡನ್ನು ಕಲಸಿದಾಗ. ಕನ್ನಡ ಆಯ್ಕೆಯ ಗುಂಡಿಯ ಮೇಲೆ ಕನ್ನಡದ ಹೆಸರನ್ನು ರೋಮನ್‌ನಲ್ಲಿ ಬರೆಯುತ್ತಾರೆ, ಇಂಗ್ಲಿಷ್ ಪಿಡಿಎಫ್‌ಗೆ ಅಚ್ಚ ಕನ್ನಡದ ಹೆಸರಿಟ್ಟು ಸುಮ್ಮನಾಗುತ್ತಾರೆ. ಎರಡೂ ತಲೆಕೆಳಗು.

ಕುಡ್ಲದ ಓದುಗಿ · ಬುಧವಾರ, ಬೆಳಿಗ್ಗೆ 8:35

ನಮ್ಮ ಕರಾವಳಿಯ ಕಥೆ ಹೇಳದಿದ್ದರೆ ಈ ಚರ್ಚೆ ಅರ್ಧ ಮಾರಾಯ್ರೆ.

ತುಳು ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ತುಳು ವಿಕಿಪೀಡಿಯ 2016ರಿಂದ ಇದೆ, ಅದೂ ಕನ್ನಡ ಲಿಪಿಯಲ್ಲೇ. ತುಳು ಬಾರದ ಬೆಂಗಳೂರಿನವರಿಗೆ ನೋಡಿದ ಕೂಡಲೇ ಕನ್ನಡ ಅಂತಲೇ ಕಾಣುತ್ತದೆ, ಎರಡು ಸಾಲು ಓದಿದ ಮೇಲೆ "ಇದೇನು ಇಷ್ಟು ತಪ್ಪು ಕನ್ನಡ" ಎಂದು ಬೈದವರನ್ನು ನಾನು ನೋಡಿದ್ದೇನೆ. ಲಿಂಕ್‌ನಲ್ಲಿ "ತುಳು" ಎಂದು ಒಂದು ಪದ ಇದ್ದಿದ್ದರೆ ಆ ಅವಮಾನ ಆಗುತ್ತಿರಲಿಲ್ಲ. ಇಂಗ್ಲಿಷ್ ಆದರೆ ತೆರೆದ ತಕ್ಷಣ ಲಿಪಿಯೇ ಹೇಳುತ್ತದೆ. ಒಂದೇ ಲಿಪಿಯ ಎರಡು ಭಾಷೆ ಇದ್ದಲ್ಲಿ ಹೆಸರು ಹೇಳುವುದು ಇನ್ನೂ ಅಗತ್ಯ.

ಕೊಂಕಣಿಯಲ್ಲಿ ಇದು ತಿರುಗಾ ಮುರುಗಾ. ಭಾಷೆ ಒಂದೇ, ಲಿಪಿ ಹಲವು. ನಮ್ಮಲ್ಲಿ ಕನ್ನಡ ಲಿಪಿ, ಗೋವೆಯಲ್ಲಿ ನಾಗರಿ ಮತ್ತು ರೋಮಿ (ರೋಮನ್ ಲಿಪಿ). ಮಂಗಳೂರಿನ ನನ್ನ ಅತ್ತೆಗೆ "ಕೊಂಕಣಿ" ಎಂದು ಲಿಂಕ್ ಕಳಿಸಿದರೆ, ತೆರೆದಾಗ ನಾಗರಿ ಬಂದರೆ ಅವರಿಗೆ ಓದಲಿಕ್ಕೆ ಆಗುವುದಿಲ್ಲ. ಹಾಗಾಗಿ "ಕೊಂಕಣಿ, ನಾಗರಿ ಲಿಪಿ" ಎಂದು ಬರೆಯಬೇಕು. ಕೋಡ್‌ನಲ್ಲೂ ಇದಕ್ಕೆ ದಾರಿ ಇದೆ ಅಂತ ಕೇಳಿದ್ದೇನೆ.

ತುಳುವಿಗೂ ಈ ಪ್ರಶ್ನೆ ಬರುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ (ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಜಾಗತಿಕ ಪಟ್ಟಿ) ತುಳು-ತಿಗಳಾರಿ ಲಿಪಿ ಸೇರಿದೆ. ನಮಗೆಲ್ಲ ಹಬ್ಬದ ಸುದ್ದಿ ಅದು. ಆ ಲಿಪಿಯ ಪುಟಗಳು ಬರತೊಡಗಿದರೆ ಫಾಂಟ್ ಇಲ್ಲದ ಫೋನಿನಲ್ಲಿ ಬರಿ ಚೌಕ ಕಾಣುತ್ತದೆ. ಆವಾಗ "ತುಳು, ತುಳು ಲಿಪಿ" ಎಂದು ಲಿಂಕ್‌ನಲ್ಲಿ ಮೊದಲೇ ಹೇಳಿದ್ದರೆ ಫಾಂಟ್ ಹಾಕಿಕೊಂಡು ಓದುವವರು ಓದುತ್ತಾರೆ.

ತುಂಗಾತೀರ · ಬುಧವಾರ, ಬೆಳಿಗ್ಗೆ 9:50

ದಾರಿ ಇದೆ ಅಕ್ಕಾ. ಭಾಷೆಯ ಸಂಕೇತದ ಪಕ್ಕ ಅಡ್ಡಗೆರೆ ಹಾಕಿ ಲಿಪಿಯ ನಾಲ್ಕಕ್ಷರದ ಸಂಕೇತ ಬರೆಯಬಹುದು. ಕನ್ನಡ ಲಿಪಿಯ ಕೊಂಕಣಿಗೂ ನಾಗರಿಯ ಕೊಂಕಣಿಗೂ ಹಾಗೆ ಬೇರೆ ಬೇರೆ ಗುರುತು ಸಿಗುತ್ತದೆ. ತುಳುವಿಗೆ ಎರಡಕ್ಷರದ ಸಂಕೇತ ಇಲ್ಲ, ಟಿ-ಸಿ-ವೈ ಎಂದು ಮೂರಕ್ಷರ. ಕೊಡವ ಭಾಷೆಯದು ಕೆ-ಎಫ್-ಎ.

ಎಚ್‌ರೆಫ್‌ಲ್ಯಾಂಗ್‌ನ ಒಂದು ಮಿತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಒಂದೇ ಭಾಷೆ ಬರೆಯಲು ಸಾಧ್ಯ. ಒಂದೇ ಪಿಡಿಎಫ್‌ನಲ್ಲಿ ಮೊದಲು ಕನ್ನಡ, ಆಮೇಲೆ ಇಂಗ್ಲಿಷ್ ಇರುವ ಅಧಿಸೂಚನೆಗಳು ನಮ್ಮಲ್ಲಿ ಸಾಮಾನ್ಯ. ಅದನ್ನು ಆ ಗುರುತು ಹೇಳಲಾರದು. "ಕನ್ನಡ ಮತ್ತು ಇಂಗ್ಲಿಷ್" ಎಂದು ನೀವು ಬರೆದರೆ ಮುಗಿಯಿತು.

ಬಿಳಿಹಾಳೆ · ಬುಧವಾರ, ಮಧ್ಯಾಹ್ನ 12:40

ನಾನು ಪುಟ ವಿನ್ಯಾಸ ಮಾಡುವವನು. ಇಲ್ಲಿಯ ತನಕ ಹೇಳಿದ್ದಕ್ಕೆಲ್ಲ ಒಪ್ಪಿಗೆ ಇದೆ, ಆದರೆ ಒಂದು ಪುಟದಲ್ಲಿ ಮೂವತ್ತು ಲಿಂಕ್ ಇದ್ದು ಮೂವತ್ತೂ ಇಂಗ್ಲಿಷ್ ಆದರೆ? ಪ್ರತಿಯೊಂದರ ಕೊನೆಗೂ "(ಇಂಗ್ಲಿಷ್‌ನಲ್ಲಿ ಮಾತ್ರ)" ಬಂದರೆ ಓದುಗರು ಆ ಪದವನ್ನು ನೋಡುವುದನ್ನೇ ಬಿಟ್ಟುಬಿಡುತ್ತಾರೆ. ನಡುವೆ ಇರುವ ಒಂದು ಕನ್ನಡ ಲಿಂಕ್ ಕಣ್ಣಿಗೇ ಬೀಳುವುದಿಲ್ಲ. ಪಟ್ಟಿಯನ್ನು ಭಾಷೆವಾರು ವಿಂಗಡಿಸಿ, ಮೇಲೆ "ಈ ದಾಖಲೆಗಳು ಇಂಗ್ಲಿಷ್‌ನಲ್ಲಿವೆ" ಎಂದು ಒಂದು ಶೀರ್ಷಿಕೆ ಕೊಡಿ. ಕನ್ನಡದವು ಮೊದಲು ಬರಲಿ.

ದನಿದಾರಿ · ಬುಧವಾರ, ಮಧ್ಯಾಹ್ನ 2:05

ಬಿಳಿಹಾಳೆಯವರೇ, ವಿಂಗಡಣೆ ನನಗೂ ಇಷ್ಟ. ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುವ ಕೀಲಿ ನನ್ನಲ್ಲೂ ಇದೆ. ಆದರೆ ಲಿಂಕ್‌ಗಳ ಪಟ್ಟಿ ತೆಗೆದಾಗ ಆ ಶೀರ್ಷಿಕೆ ಜೊತೆಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಮೂವತ್ತು ಸಲ "ಇಂಗ್ಲಿಷ್" ಕೇಳಿಸಿಕೊಳ್ಳಲು ನನಗೆ ಬೇಸರವಿಲ್ಲ. ಕೊನೆಯಲ್ಲಿ ಒಂದು ಪದ, ಬೇಡವಾದರೆ ಅಷ್ಟರೊಳಗೆ ಮುಂದಿನದಕ್ಕೆ ಹೋಗಿರುತ್ತೇನೆ. ಗೊತ್ತಾಗದೆ ಮೂವತ್ತು ಪಿಡಿಎಫ್ ತೆರೆಯುವುದು ಬೇಸರದ ಕೆಲಸ.

ಬಿಳಿಹಾಳೆ · ಬುಧವಾರ, ಮಧ್ಯಾಹ್ನ 2:30

ಸರಿ ಸರ್. ಹಾಗಿದ್ದರೆ ಶೀರ್ಷಿಕೆಯೂ ಇರಲಿ, ಪ್ರತಿ ಲಿಂಕ್‌ನಲ್ಲಿ "ಇಂಗ್ಲಿಷ್" ಎನ್ನುವ ಒಂದೇ ಪದ ಸಣ್ಣದಾಗಿ, ತಿಳಿ ಬಣ್ಣದಲ್ಲಿ ಇರಲಿ. ಓದಲಾಗದಷ್ಟು ತಿಳಿ ಮಾಡುವುದಿಲ್ಲ. ಆದರೂ ಉದ್ದ ಪಟ್ಟಿಗಳಲ್ಲಿ ಇದು ಕಣ್ಣಿಗೆ ಹೊರೆಯೇ ಎಂದು ನನ್ನ ಅಭಿಪ್ರಾಯ ಉಳಿದಿದೆ.

ತುಂಗಾತೀರ · ಬುಧವಾರ, ರಾತ್ರಿ 9:20

ಇನ್ನು ಹಳೆಯ ಲಿಂಕ್‌ಗಳ ಭಾಷೆ ಪತ್ತೆ ಮಾಡುವ ಕೆಲಸ. ಎಲ್ಲವನ್ನೂ ಕೈಯಲ್ಲಿ ತೆರೆದು ನೋಡಲಾಗದು ಎಂದು ಅಕ್ಷರಬಂಡಿ ನನಗೆ ಸಂದೇಶ ಕಳಿಸಿದ್ದರು, ಉತ್ತರ ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲೇ ಬರೆಯುತ್ತೇನೆ.

ಆಚೆಯ ಪುಟದ ಕೋಡ್‌ನಲ್ಲಿ ಬರೆದ ಭಾಷೆಯನ್ನು ಓದಿಕೊಳ್ಳುವ ಪುಟ್ಟ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಬರೆಯಬಹುದು ಎಂದು ಮೊದಲಿಗೆ ತೋಚುತ್ತದೆ. ಅದನ್ನು ನಂಬಬೇಡಿ. ಸಿದ್ಧ ಥೀಮ್‌ಗಳಲ್ಲಿ ಇಂಗ್ಲಿಷ್ ಎಂದೇ ಬರೆದಿರುತ್ತದೆ, ಪುಟವಿಡೀ ಕನ್ನಡ ತುಂಬಿದ ಮೇಲೂ ಅದನ್ನು ಯಾರೂ ಬದಲಿಸಿರುವುದಿಲ್ಲ. ಅದರ ಬದಲು ಪಠ್ಯದ ಅಕ್ಷರಗಳನ್ನೇ ಎಣಿಸಿ. ಯೂನಿಕೋಡ್‌ನಲ್ಲಿ ಕನ್ನಡ ಲಿಪಿಗೆ 128 ಸ್ಥಾನಗಳ ಅದರದೇ ವಿಭಾಗ ಇದೆ. ಪುಟದ ಅಕ್ಷರಗಳಲ್ಲಿ ಹೆಚ್ಚಿನವು ಅಲ್ಲಿಯವಾದರೆ ಕನ್ನಡ ಲಿಪಿ ಎಂದು ಖಾತ್ರಿ. ಕುಡ್ಲದವರು ಹೇಳಿದಂತೆ ಕನ್ನಡ ಲಿಪಿ ಎಂದರೆ ಕನ್ನಡ ಭಾಷೆ ಎಂದಾಗುವುದಿಲ್ಲ, ತುಳು ಕೊಂಕಣಿಗಳನ್ನು ಮನುಷ್ಯರೇ ನೋಡಿ ಬೇರ್ಪಡಿಸಬೇಕು.

ಇದಕ್ಕೂ ಸಿಗದ ಒಂದು ರಾಶಿ ಇದೆ: ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಿಡಿಎಫ್‌ಗಳು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಒಳಗೆ ಸಂಗ್ರಹವಾಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಸಾಲು ಬರುತ್ತದೆ. ಸ್ಕ್ರಿಪ್ಟ್ ಅದನ್ನು ಇಂಗ್ಲಿಷ್ ಎಂದು ಗುರುತಿಸುತ್ತದೆ. ಹಾಗಾಗಿ ಸ್ಕ್ರಿಪ್ಟ್ "ಇಂಗ್ಲಿಷ್" ಎಂದ ಪಿಡಿಎಫ್‌ಗಳಷ್ಟನ್ನು ಮಾತ್ರ ಕೈಯಲ್ಲಿ ತೆರೆದು ನೋಡಿ.

ಲ್ಯಾಂಗ್ ಮತ್ತು ಎಚ್‌ರೆಫ್‌ಲ್ಯಾಂಗ್ ಅದಲು ಬದಲು ಆಗದಿರಲಿ. ಲ್ಯಾಂಗ್ ಎಂದರೆ ಇಲ್ಲಿ ಬರೆದಿರುವ ಪದಗಳ ಭಾಷೆ, ಎಚ್‌ರೆಫ್‌ಲ್ಯಾಂಗ್ ಎಂದರೆ ಆಚೆಯ ಪುಟದ್ದು. "ಅರ್ಜಿ ನಮೂನೆ" ಎನ್ನುವ ಲಿಂಕ್‌ಗೆ ಲ್ಯಾಂಗ್ ಇಂಗ್ಲಿಷ್ ಎಂದು ಕೊಟ್ಟರೆ ಸ್ಕ್ರೀನ್ ರೀಡರ್ ಆ ಕನ್ನಡ ಪದಗಳನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೊರಡುತ್ತದೆ.

ದನಿದಾರಿ · ಬುಧವಾರ, ರಾತ್ರಿ 10:00

ನುಡಿಯ ಹಳೆಯ ಫಾಂಟ್‌ನ ಪಿಡಿಎಫ್ ಬಗ್ಗೆ ನನ್ನದೊಂದು ಬೇಡಿಕೆ. ಅದಕ್ಕೆ "ಕನ್ನಡ" ಎಂದಷ್ಟೇ ಬರೆದರೆ ನಾನು ಆಸೆಯಿಂದ ತೆರೆಯುತ್ತೇನೆ, ಕಿವಿಗೆ ಬೀಳುವುದು ಬರಿಯ ಗೊಣಗಾಟ. ಸ್ಕ್ಯಾನ್ ಮಾಡಿದ್ದಾದರೆ ಮೌನ. "ಕನ್ನಡ, ಯೂನಿಕೋಡ್ ಅಲ್ಲ" ಅಥವಾ "ಕನ್ನಡ, ಸ್ಕ್ಯಾನ್ ಪ್ರತಿ" ಎಂದು ಬರೆಯಲು ಸಾಧ್ಯವೇ?

ಅಕ್ಷರಬಂಡಿ · ಗುರುವಾರ, ಬೆಳಿಗ್ಗೆ 8:15

ಸಾಧ್ಯ ಸರ್, ಬರೆಯುತ್ತೇವೆ. ನಿನ್ನೆ ರಾತ್ರಿ ನಮ್ಮ ಬಳಗದಲ್ಲಿ ಕೂತು ಮಾತಾಡಿದೆವು. ವಿದ್ಯಾರ್ಥಿವೇತನದ ಪುಟ ಮೊದಲು ತಿದ್ದುತ್ತಿದ್ದೇವೆ, ಜೂನ್ ಬರುವಷ್ಟರಲ್ಲಿ ಅದನ್ನೇ ಹೆಚ್ಚು ಜನ ತೆರೆಯುತ್ತಾರೆ. ಲಿಂಕ್‌ಗಳು ಈಗ ಹೀಗೆ ಇರುತ್ತವೆ, ಆವರಣವೂ ಲಿಂಕ್‌ನೊಳಗೇ:

ಅರ್ಹತೆಯ ನಿಯಮಗಳು (ಇಂಗ್ಲಿಷ್‌ನಲ್ಲಿ ಮಾತ್ರ, ಪಿಡಿಎಫ್)
ಆದಾಯ ಪ್ರಮಾಣಪತ್ರದ ಸುತ್ತೋಲೆ (ಕನ್ನಡ, ಸ್ಕ್ಯಾನ್ ಪ್ರತಿ)
ಅಧಿಸೂಚನೆ (ಕನ್ನಡ ಮತ್ತು ಇಂಗ್ಲಿಷ್, ಪಿಡಿಎಫ್)
ಅರ್ಜಿ ಸಲ್ಲಿಸುವ ತಾಣ (ಇಂಗ್ಲಿಷ್‌ನಲ್ಲಿ ತೆರೆಯುತ್ತದೆ, ಮೇಲ್ಗಡೆ ಕನ್ನಡ ಆರಿಸಿ)

ಆಚೆಯದು ಸಾದಾ ಕನ್ನಡ ವೆಬ್ ಪುಟವಾದರೆ ಏನೂ ಬರೆಯುವುದಿಲ್ಲ. ಲಿಂಕ್‌ನ ಹೆಸರನ್ನೇ ಇಂಗ್ಲಿಷ್‌ನಲ್ಲಿ ಇಟ್ಟಿದ್ದರೂ ಬರೆಯುವುದಿಲ್ಲ, ಹೆಸರೇ ಹೇಳುತ್ತದೆ. ಎಚ್‌ರೆಫ್‌ಲ್ಯಾಂಗ್ ಕೂಡ ಹಾಕುತ್ತೇವೆ, ಮುಂದೆ ಬ್ರೌಸರ್‌ಗಳು ಅದನ್ನು ತೋರಿಸತೊಡಗಿದರೆ ನಾವು ಸಿದ್ಧರಿರಬೇಕು. ಉದ್ದ ಪಟ್ಟಿಗಳ ವಿಷಯದಲ್ಲಿ ಬಿಳಿಹಾಳೆಯವರ ಶೀರ್ಷಿಕೆ ಮತ್ತು ಒಂದೇ ಪದ, ಎರಡನ್ನೂ ಇಟ್ಟು ನೋಡುತ್ತೇವೆ.

ಕುಡ್ಲದ ಓದುಗಿ ಅಕ್ಕ, ತುಳು ಮತ್ತು ಕೊಂಕಣಿ ಲಿಂಕ್‌ಗಳು ನಮ್ಮಲ್ಲಿ ಕೆಲವೇ ಇವೆ, ಆದರೆ ಅವನ್ನು ಗುರುತಿಸಲು ನಮ್ಮ ಬಳಗದಲ್ಲಿ ಯಾರಿಗೂ ಬರುವುದಿಲ್ಲ. ಪಟ್ಟಿ ಕಳಿಸಿದರೆ ನೋಡಿಕೊಡುತ್ತೀರಾ?

ಕುಡ್ಲದ ಓದುಗಿ · ಗುರುವಾರ, ಬೆಳಿಗ್ಗೆ 8:50

ಕಳಿಸಿ. ಭಾನುವಾರದೊಳಗೆ ನೋಡಿ ಕೊಡುತ್ತೇನೆ. ಕೊಂಕಣಿ ಲಿಪಿಗಳಿಗೆ ಅತ್ತೆಯನ್ನೂ ಜೊತೆಗೆ ಕೂರಿಸಿಕೊಳ್ಳುತ್ತೇನೆ.